ಗುಳಿಗೆಯೊಳಗಿನ ಬಿಳಿಯ ಪುಡಿ

ರಕ್ತದೊತ್ತಡಕ್ಕೋ ಮಧುಮೇಹಕ್ಕೋ ನಿತ್ಯ ಗುಳಿಗೆ ನುಂಗುವವರು ಲಿಂಗಂಪಲ್ಲಿಯ ನಮ್ಮ ಕನ್ನಡ ಮನೆಗಳಲ್ಲಿಯೂ ಕಡಿಮೆಯೇನಿಲ್ಲ. ಆ ಗುಳಿಗೆಯಲ್ಲಿ ಔಷಧವು ಅನೇಕ ವೇಳೆ ಕೆಲವೇ ಮಿಲಿಗ್ರಾಂ. ಮಿಕ್ಕ ಗಾತ್ರವನ್ನು ತುಂಬಿ, ಗುಳಿಗೆಯು ಒಡೆಯದಂತೆ ಹಿಡಿದಿಟ್ಟು, ಹೊಟ್ಟೆಗಿಳಿದೊಡನೆ ಬಿಡಿಬಿಡಿಯಾಗುವಂತೆ ಮಾಡುವ ಪದಾರ್ಥಗಳಲ್ಲಿ ಮುಖ್ಯವಾದುದು ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಎಂಬ ಬಿಳಿಯ ಪುಡಿ. 1955ರಲ್ಲಿ ಅಮೆರಿಕದ ಬಟಿಸ್ಟಾ ಮತ್ತು ಸ್ಮಿತ್ ಇದನ್ನು ಕಂಡುಹಿಡಿದರು. ಶುದ್ಧಗೊಳಿಸಿದ ಮರದ ತಿರುಳನ್ನು ಸಾರರಿಕ್ತ ಆಮ್ಲದಲ್ಲಿ ಕಾಯಿಸಿ, ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿದರೆ ಇದು ದೊರೆಯುತ್ತದೆ. ಐಸ್‌ಕ್ರೀಮಿಗೂ ಪ್ರಸಾಧನಗಳಿಗೂ ಇದನ್ನು ಬೆರೆಸುವುದುಂಟು. ತಿಂಡಿಯ ಪೊಟ್ಟಣಗಳ ಮೇಲೆ 460 ಎಂಬ ಅಂಕೆಯ ವೇಷದಲ್ಲಿ ಕುಳಿತಿರುತ್ತದೆ. ಜೀರ್ಣವಾಗದೆ ಹೊರಹೋಗುವ ನಾರಾದುದರಿಂದ ಇದನ್ನು ನಿರುಪದ್ರವಿಯೆನ್ನುತ್ತಾರೆ.

ನನ್ನ ತಕರಾರು ಈ ಮಾತಿನ ಬಗೆಗೇ. ನಿರುಪದ್ರವಿ ಯಾರಿಗೆ? ನುಂಗುವವರಿಗೆ, ನಿಜ. ತಯಾರಿಸುವವರಿಗೆ?

ಬಸ್ಸಿನಲ್ಲಿ ಬೀದರಿಗೆ ಹೋಗುವ ನಮ್ಮವರಿಗೆ ಪಟಾಂಚೆರುವಿನ ಆಚೆಗಿರುವ ಪಾಶಮೈಲಾರಂ ಕೈಗಾರಿಕಾ ಪ್ರದೇಶ ಅಪರಿಚಿತವಲ್ಲ. ಈ ಪುಡಿಯನ್ನೇ ತಯಾರಿಸುತ್ತಿದ್ದ ಅಲ್ಲಿನ ಸಿಗಾಚಿ ಕಾರ್ಖಾನೆಯಲ್ಲಿ 2025ರ ಜೂನ್ 30ರ ಬೆಳಿಗ್ಗೆ ಸ್ಫೋಟವಾಗಿ, ಕಟ್ಟಡವೇ ಕುಸಿದು, 40ಕ್ಕಿಂತ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಅನೇಕರು ಬಿಹಾರ, ಒಡಿಶಾ ಮೊದಲಾದ ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದವರು.

ಮರದ ಪುಡಿ ಸಿಡಿಯುವುದೇ ಎಂದು ವಾಚಕರು ಕೇಳಬಹುದು. ರಾಶಿಯಾಗಿ ಬಿದ್ದಿರುವ ಪುಡಿ ನಿಧಾನವಾಗಿ ಉರಿದೀತು. ಅದೇ ಪುಡಿಯು ಮುಚ್ಚಿದ ಕೋಣೆಯ ಗಾಳಿಯಲ್ಲಿ ಮೋಡದಂತೆ ಹರಡಿದ್ದಾಗ ಒಂದು ಕಿಡಿ ತಗುಲಿದರೆ ಕಣಕಣವೂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಮೊದಲ ಹೊಡೆತಕ್ಕೆ ತೊಲೆಗಳ ಮೇಲಿನ ಧೂಳೆಲ್ಲ ಎದ್ದು ಎರಡನೆಯ, ಇನ್ನೂ ಭೀಕರವಾದ ಸ್ಫೋಟಕ್ಕೆ ಆಹುತಿಯಾಗುತ್ತದೆ. ಹಿಟ್ಟು, ಸಕ್ಕರೆಗಳಿಗೂ ಇದೇ ಗುಣ. 2008ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೀಗೆಯೇ 14 ಜನ ಸತ್ತರು.

ಪರಿಹಾರವೇನೂ ದುರ್ಲಭವಲ್ಲ. ಧೂಳು ಕೂಡದಂತೆ ಗುಡಿಸುವುದು, ಒತ್ತಡವನ್ನು ಹೊರಬಿಡುವ ಕಿಂಡಿಗಳು, ಒಣಗಿಸುವ ಯಂತ್ರದ ಸಮೀಪ ಅನಗತ್ಯವಾಗಿ ಯಾರನ್ನೂ ಕೂರಿಸದಿರುವುದು. ಎಚ್ಚರಿಕೆಯ ಫಲಕಗಳು ಕಾರ್ಮಿಕರ ಭಾಷೆಯಲ್ಲಿಯೂ ಇರಬೇಕು. ಓದಲಾಗದ ಲಿಪಿಯ ಊರಿನಲ್ಲಿ ಮೊದಲ ದಿನಗಳನ್ನು ಕಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಡುವೆ ನಿವೃತ್ತ ಇಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ. ಈ ಬೇಡಿಕೆಗಳನ್ನೊಳಗೊಂಡ ಒಂದು ಮನವಿಯನ್ನು ಅವರಿಂದ ಬರೆಯಿಸಿ, ಕಾರ್ಖಾನೆಗಳ ಇಲಾಖೆಗೆ ಸಂಘದ ಹೆಸರಿನಲ್ಲಿಯೇ ಕಳುಹಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇನೆ.