ಶ್ರೀಮಂತರ ಮೈದಾನ ಮತ್ತು ‘ಪ್ರತಿಭೆ’ಯೆಂಬ ಕಟ್ಟುಕಥೆ

ದೋಣಿಯ ಹುಟ್ಟನ್ನು ಕೈಯಲ್ಲಿ ಹಿಡಿದೇ ಇರದ ಮಕ್ಕಳು ದಾಖಲೆಯಲ್ಲಿ ದೋಣಿ ಸ್ಪರ್ಧೆಯ ಪಟುಗಳಾಗಿದ್ದರು. ಯಾರದೋ ಕ್ರೀಡಾಪಟುವಿನ ಶರೀರಕ್ಕೆ ತಮ್ಮ ಮಗನ ಮುಖವನ್ನು ಅಂಟಿಸಿದ ಛಾಯಾಚಿತ್ರಗಳು ವಿಶ್ವವಿದ್ಯಾಲಯಗಳಿಗೆ ಸಲ್ಲಿಕೆಯಾಗಿದ್ದವು. 2019ರ ಮಾರ್ಚ್‌ನಲ್ಲಿ ಅಮೇರಿಕದಲ್ಲಿ ಬಯಲಿಗೆ ಬಂದ ಈ ಮೋಸದಲ್ಲಿ ಸಿನಿಮಾ ನಟಿಯರು, ಉದ್ಯಮಿಗಳು, ತರಬೇತುದಾರರು ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಆರೋಪಿಗಳಾದರು. ಸೂತ್ರಧಾರ ರಿಕ್ ಸಿಂಗರ್‌ಗೆ 2023ರ ಜನವರಿಯಲ್ಲಿ ಮೂರೂವರೆ ವರ್ಷಗಳ ಸೆರೆವಾಸ ವಿಧಿಸಲಾಯಿತು. ನ್ಯಾಯ ಗೆದ್ದಿತೆಂದು ಪತ್ರಿಕೆಗಳು ಬರೆದವು.

ನಾವು ಕೇಳಬಯಸುವ ಪ್ರಶ್ನೆ ಬೇರೆ. ಖೋಟಾ ನೋಟು ಮುದ್ರಿಸುವವನು ಬೆಲೆಯಿಲ್ಲದ ಕಾಗದವನ್ನು ನಕಲು ಮಾಡುವುದಿಲ್ಲ. ಅಸಲಿ ನೋಟಿಗೆ ಬೆಲೆಯಿರುವುದರಿಂದಲೇ ಖೋಟಾ ನೋಟು ಹುಟ್ಟುತ್ತದೆ. ಹಾಗಾದರೆ ಆ ಅಸಲಿ ನೋಟು ಯಾವುದು? ಅದು ಎಲ್ಲಿ ಮುದ್ರಣವಾಗುತ್ತದೆ?

ಅದರ ಮುದ್ರಣಾಲಯ ಅಮೇರಿಕದ ‘ಪ್ರೆಪರೇಟರಿ ಸ್ಕೂಲ್’ಗಳು. ಸರಕಾರದ ಹಂಗಿಲ್ಲದೆ, ದುಬಾರಿ ಶುಲ್ಕ ಪಡೆದು, ಮಕ್ಕಳನ್ನು ಪ್ರತಿಷ್ಠಿತ ವಿಶ್ವವಿದ್ಯಾಲಯಗಳಿಗೆ ಅಣಿಗೊಳಿಸುವ ಸ್ವತಂತ್ರ ಶಾಲೆಗಳಿವು. 1778ರಲ್ಲಿ ಸ್ಥಾಪನೆಯಾದ ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿ ಮತ್ತು 1781ರ ಎಕ್ಸೆಟರ್ ಅಕಾಡೆಮಿ ಇವುಗಳಲ್ಲಿ ಹೆಸರಾಂತವು. ಈ ಎರಡು ಶಾಲೆಗಳ ನಡುವಣ ಫುಟ್ಬಾಲ್ ಪೈಪೋಟಿಗೆ 1878ರಿಂದ ಇತಿಹಾಸವಿದೆ. ಇಂಥ ಹಲವು ವಸತಿ ಶಾಲೆಗಳ ವಾರ್ಷಿಕ ವೆಚ್ಚ ಇಂದು 70,000 ಡಾಲರ್‌ಗಳ ಆಸುಪಾಸಿನಲ್ಲಿದೆ. ಮಧ್ಯಾಹ್ನ ಪಾಠ ಮುಗಿದೊಡನೆ ಮಕ್ಕಳು ಮೈದಾನಕ್ಕೆ ಇಳಿಯಬೇಕು. ಶರತ್ಕಾಲಕ್ಕೊಂದು ಆಟ, ಚಳಿಗಾಲಕ್ಕೊಂದು, ವಸಂತಕ್ಕೊಂದು. ಅಲ್ಲಿ ಕ್ರೀಡೆಯೂ ಪಾಠವೇ.

ಮಕ್ಕಳು ಆಡುವುದರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಆಟವು ದೇಹವನ್ನು ಹುರಿಗೊಳಿಸುತ್ತದೆ, ಸೋಲನ್ನು ಸಹಿಸಲು ಕಲಿಸುತ್ತದೆ. ಆದರೆ ಅಲ್ಲಿ ಯಾವ ಆಟಗಳಿಗೆ ಬೆಲೆಯಿದೆಯೆಂಬುದನ್ನು ನೋಡಿ. ಸ್ಕ್ವಾಷ್, ಎಂಟು ಹುಟ್ಟುಗಳ ದೋಣಿ, ಕತ್ತಿವರಸೆ, ಲಕ್ರೋಸ್, ಹಾಯಿದೋಣಿ, ಐಸ್ ಹಾಕಿ. ಅಮೇರಿಕದ ಮೊತ್ತಮೊದಲ ಸ್ಕ್ವಾಷ್ ಅಂಕಣಗಳು ನಿರ್ಮಾಣವಾದದ್ದೇ 1884ರಲ್ಲಿ, ಸೇಂಟ್ ಪಾಲ್ಸ್ ಎಂಬ ಇಂಥದೊಂದು ಶಾಲೆಯಲ್ಲಿ. ಓಡಲು ಬೀದಿ ಸಾಕು. ಚೆಂಡನ್ನು ಒದೆಯಲು ಬಯಲು ಸಾಕು. ಆದರೆ ಸ್ಕ್ವಾಷ್ ಆಡಲು ನಾಲ್ಕು ಗೋಡೆಗಳನ್ನು ಕಟ್ಟಿಸಬೇಕು. ದೋಣಿ ಹುಟ್ಟು ಹಾಕಲು ನದಿ, ದೋಣಿಮನೆ ಮತ್ತು ಸಂಬಳದ ತರಬೇತುದಾರ ಬೇಕು. ಸಾಮಾನ್ಯ ಸರಕಾರೀ ಶಾಲೆಯ ಮಗುವಿಗೆ ಇವೆಲ್ಲ ಎಲ್ಲಿಂದ ಬರಬೇಕು?

ಇನ್ನು ಇದರ ಫಲಿತಾಂಶವನ್ನು ನೋಡೋಣ. ಹಾರ್ವರ್ಡ್, ಯೇಲ್ ಮುಂತಾದ ಐವಿ ಲೀಗ್ ಸಂಸ್ಥೆಗಳು ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಕೊಡುವುದು ಅದಕ್ಕಿಂತಲೂ ಬೆಲೆಬಾಳುವ ವಸ್ತುವನ್ನು: ಪ್ರವೇಶವನ್ನು. 2014ರಲ್ಲಿ ಹಾರ್ವರ್ಡ್ ವಿರುದ್ಧ ದಾಖಲಾದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ, ಅಷ್ಟು ವರ್ಷ ಕಪಾಟಿನಲ್ಲಿದ್ದ ಅಂಕಿಅಂಶಗಳು ಬೆಳಕಿಗೆ ಬಂದವು. ಸಾಮಾನ್ಯ ಅಭ್ಯರ್ಥಿಗಳಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಸೀಟು ಸಿಗುತ್ತಿದ್ದರೆ, ತರಬೇತುದಾರರು ಆರಿಸಿದ ಕ್ರೀಡಾಪಟುಗಳಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಸಿಗುತ್ತಿತ್ತು. ಆ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಒಂದೋ ಕ್ರೀಡಾಪಟುಗಳು, ಇಲ್ಲವೇ ಹಳೆ ವಿದ್ಯಾರ್ಥಿಗಳ ಅಥವಾ ಅಧ್ಯಾಪಕರ ಮಕ್ಕಳು, ಇಲ್ಲವೇ ದಾನಿಗಳ ನಂಟಿನಿಂದ ಡೀನ್ ಅವರ ವಿಶೇಷ ಪಟ್ಟಿ ಸೇರಿದವರು ಎಂದಿತು. ಈ ಅನುಕೂಲ ಇಲ್ಲದಿರುತ್ತಿದ್ದರೆ ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ತಿರಸ್ಕೃತರಾಗುತ್ತಿದ್ದರೆಂದೂ ಅದು ಅಂದಾಜಿಸಿತು.

2023ರ ಜುಲೈಯಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನ ಹೊರಬಂತು. ಪರೀಕ್ಷೆಯಲ್ಲಿ ಸಮಾನ ಅಂಕ ಗಳಿಸಿದ ಮಧ್ಯಮ ವರ್ಗದ ಮಗುವಿಗಿಂತ, ದೇಶದ ಅತಿ ಶ್ರೀಮಂತ ಶೇ. 1ರ ಮನೆಯ ಮಗುವು ಈ ಮೇಲ್ಪಂಕ್ತಿಯ ವಿಶ್ವವಿದ್ಯಾಲಯಗಳಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಅಧಿಕ ಎಂದು ಅದು ತೋರಿಸಿತು. ಪ್ರವೇಶದಲ್ಲಿನ ಈ ಮೇಲುಗೈಗೆ ಅದು ಗುರುತಿಸಿದ ಮೂರು ಕಾರಣಗಳಲ್ಲಿ ಒಂದು, ಕ್ರೀಡಾಪಟುಗಳ ನೇಮಕ. ಸಮಾನ ಅಂಕ ಎಂಬ ಮಾತನ್ನು ಮತ್ತೊಮ್ಮೆ ಓದಿ. ಇಲ್ಲಿ ಸೋತವನು ದಡ್ಡನಲ್ಲ. ಅವನ ಊರಿನಲ್ಲಿ ದೋಣಿಮನೆ ಇರಲಿಲ್ಲ, ಅಷ್ಟೇ.

ಈ ವ್ಯವಸ್ಥೆಯ ಬೇರುಗಳನ್ನು ಕೆದಕಿದರೆ ಇನ್ನಷ್ಟು ಕಹಿಯಾದ ಚರಿತ್ರೆ ಎದುರಾಗುತ್ತದೆ. 1884ರಲ್ಲಿ ಗ್ರೋಟನ್ ಶಾಲೆಯನ್ನು ಕಟ್ಟಿದ ಎಂಡಿಕಾಟ್ ಪೀಬಡಿ ಇಂಗ್ಲೆಂಡಿನಲ್ಲಿ ಓದಿದವರು. ಪುಸ್ತಕಕ್ಕಿಂತ ಮೈದಾನವೇ ಶೀಲವನ್ನು ರೂಪಿಸುತ್ತದೆಂಬ ಅಲ್ಲಿನ ನಂಬಿಕೆಯನ್ನು ಅವರು ಜೊತೆಗೆ ತಂದರು. ನಂಬಿಕೆಯಲ್ಲಿ ದೋಷವಿರಲಿಲ್ಲ. ಆದರೆ ಕೆಲವು ದಶಕಗಳ ನಂತರ ‘ಶೀಲ’ವೆಂಬ ಆ ಪದವನ್ನು ಬೇಲಿಯ ಗೂಟವಾಗಿ ಬಳಸಲಾಯಿತು. ಬಾಸ್ಟನ್, ನ್ಯೂಯಾರ್ಕ್‌ಗಳ ಸರಕಾರೀ ಶಾಲೆಗಳಲ್ಲಿ ಓದಿದ ವಲಸಿಗ ಯಹೂದಿಯರ ಮಕ್ಕಳು ಬರೇ ಪರೀಕ್ಷೆಯ ಅಂಕಗಳ ಬಲದಿಂದ ಹಾರ್ವರ್ಡ್‌ನ ಬಾಗಿಲು ತಟ್ಟಿದರು. 1922ರ ಹೊತ್ತಿಗೆ ಅವರ ಪ್ರಮಾಣ ಶೇ. 21ನ್ನು ದಾಟಿತು. ಅಧ್ಯಕ್ಷ ಲಾರೆನ್ಸ್ ಲೋವೆಲ್ ಅವರಿಗೆ ನೇರ ಮಿತಿ ಹಾಕಲು ಹೊರಟರು. ಪ್ರತಿರೋಧ ಬಂದಾಗ ದಾರಿ ಬದಲಿಸಿದರು. ಅರ್ಜಿಯಲ್ಲಿ ಧರ್ಮ ಯಾವುದು, ತಾಯಿಯ ತವರಿನ ಹೆಸರೇನು ಎಂಬ ಪ್ರಶ್ನೆಗಳು ಬಂದವು. 1926ರಿಂದ ಅಂಕಗಳ ಜೊತೆ ‘ಶೀಲ, ವ್ಯಕ್ತಿತ್ವ’ಗಳನ್ನು ತೂಗುವ ಪದ್ಧತಿ ಜಾರಿಗೆ ಬಂತು. ಮೈದಾನದಲ್ಲಿ ಬೆಳೆದ ಪ್ರೆಪ್ ಶಾಲೆಯ ಹುಡುಗ ಶೀಲವಂತ. ಗ್ರಂಥಾಲಯದಲ್ಲಿ ಬೆಳೆದ ದರ್ಜಿಯ ಮಗ ಬರೇ ಪುಸ್ತಕದ ಹುಳು! ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಒಂದು ಸಮುದಾಯವನ್ನು ಹೊರಗಿಡಲು ಅದರ ಹೆಸರೆತ್ತಲೇಬೇಕೆಂದಿಲ್ಲ, ಅಳತೆಗೋಲನ್ನು ಬದಲಿಸಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಇದಕ್ಕೆ ಶಾಲೆಗಳ ಸಮರ್ಥಕರಲ್ಲಿ ಉತ್ತರವಿದೆ. ಆಂಡೋವರ್ ಮತ್ತು ಎಕ್ಸೆಟರ್‌ಗಳು ಪೋಷಕರ ಆರ್ಥಿಕ ಸ್ಥಿತಿಯನ್ನು ನೋಡದೆ ಪ್ರವೇಶ ನೀಡುತ್ತವೆ, ಬಡ ಮಗುವಿಗೆ ನೆರವು ಕೊಡುತ್ತವೆ, ಬಾಸ್ಕೆಟ್‌ಬಾಲ್ ಬಲ್ಲ ಎಷ್ಟೋ ಬಡ ಹುಡುಗರ ಬದುಕು ಇಂಥ ಶಾಲೆಗಳಿಂದ ಬದಲಾಗಿದೆ ಎಂದು ಅವರು ಹೇಳುತ್ತಾರೆ. ಇದು ಸುಳ್ಳಲ್ಲ, ನಾವು ಅದನ್ನು ಮೆಚ್ಚುತ್ತೇವೆ. ಆದರೆ ಆ ಎರಡು ಶಾಲೆಗಳ ಬಳಿ ಶತಮಾನಗಳಿಂದ ಕೂಡಿಟ್ಟ ನಿಧಿಯಿದೆ. ಎಲ್ಲ ಸ್ವತಂತ್ರ ಶಾಲೆಗಳಿಗೂ ಆ ಸೌಭಾಗ್ಯವಿದೆಯೇ? ಅಲ್ಲದೆ ಒಂದು ಬಡ ಮಗುವನ್ನು ಬೇಲಿಯೊಳಕ್ಕೆ ಎತ್ತಿಕೊಳ್ಳುವುದು ಔದಾರ್ಯ. ಬೇಲಿಯನ್ನು ಕಿತ್ತುಹಾಕುವುದು ನ್ಯಾಯ. ಔದಾರ್ಯವನ್ನು ಮುಂದಿಟ್ಟು ನ್ಯಾಯದ ಪ್ರಶ್ನೆಯನ್ನು ಮರೆಸಬಾರದು.

ಎಲ್ಲಕ್ಕಿಂತ ದೊಡ್ಡ ವಿಪರ್ಯಾಸ ನಡೆದದ್ದು 2023ರ ಜೂನ್ 29ರಂದು. ಅದೇ ಹಾರ್ವರ್ಡ್ ಮೊಕದ್ದಮೆಯಲ್ಲಿ ಅಮೇರಿಕದ ಸುಪ್ರೀಂ ಕೋರ್ಟು, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸಿ ಕರಿಯರಿಗೆ ಮತ್ತಿತರರಿಗೆ ನೀಡುತ್ತಿದ್ದ ಆದ್ಯತೆಯನ್ನು ಅಸಾಂವಿಧಾನಿಕವೆಂದಿತು. ಗುಲಾಮಗಿರಿಯ ಗಾಯಕ್ಕೆ ಹಚ್ಚಿದ ಮುಲಾಮು ತಾರತಮ್ಯವೆನಿಸಿಕೊಂಡಿತು, ಸ್ಕ್ವಾಷ್ ಅಂಕಣದ ಆದ್ಯತೆಗೆ ಕೂದಲೂ ಕೊಂಕಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವು ಖಾಸಗಿ ಕಾಲೇಜುಗಳಲ್ಲಿ ಹಳೆ ವಿದ್ಯಾರ್ಥಿಗಳ ಹಾಗೂ ದಾನಿಗಳ ಮಕ್ಕಳಿಗೆ ನೀಡುವ ಆದ್ಯತೆಯನ್ನು ನಿಷೇಧಿಸಿ ಕಾನೂನು ಮಾಡಿತು. ಅದು ಕೂಡ ಮೈದಾನದ ಬಾಗಿಲನ್ನು ಮುಟ್ಟಲಿಲ್ಲ.

ನಮ್ಮಲ್ಲಿ ಮೀಸಲಾತಿಯ ಮಾತು ಬಂದಾಗಲೆಲ್ಲ, ‘ಅಮೇರಿಕವನ್ನು ನೋಡಿ, ಅಲ್ಲಿ ಪ್ರತಿಭೆಗೆ ಮಾತ್ರ ಬೆಲೆ’ ಎನ್ನುವವರಿಗೆ ಬರವಿಲ್ಲ. ಅವರು ಈ ಮೈದಾನವನ್ನೂ ಒಮ್ಮೆ ನೋಡಲಿ. ಬಡವನಿಗೆ ಕೊಟ್ಟರೆ ಅದು ಮೀಸಲಾತಿ, ಶ್ರೀಮಂತನಿಗೆ ಕೊಟ್ಟರೆ ಅದು ಪ್ರತಿಭೆ ಎನ್ನುವ ನಿಘಂಟನ್ನು ಬರೆದವರು ಯಾರು?

ಪರಿಹಾರವೇನೂ ಅಸಾಧ್ಯವಲ್ಲ. ಮಸಾಚುಸೆಟ್ಸ್‌ನ ಎಂಐಟಿ ಸಂಸ್ಥೆಯಲ್ಲಿ ಕ್ರೀಡೆಯಿದೆ, ತಂಡಗಳಿವೆ. ಅದು ತರಬೇತುದಾರರ ಶಿಫಾರಸನ್ನು ಕೇಳಿಸಿಕೊಳ್ಳುತ್ತದೆ, ಆದರೆ ಪ್ರವೇಶದ ತೀರ್ಪನ್ನು ಅವರ ಕೈಗೆ ಒಪ್ಪಿಸಿಲ್ಲ. ಅದರ ಕೀರ್ತಿಗೇನಾದರೂ ಕುಂದು ಬಂತೇ? ಹಾರ್ವರ್ಡ್, ಯೇಲ್‌ಗಳೂ ಅದನ್ನೇ ಮಾಡಲಿ. ಎಷ್ಟು ಸೀಟುಗಳು ತರಬೇತುದಾರರ ಪಟ್ಟಿಯಿಂದ ತುಂಬುತ್ತವೆ, ಆ ಪಟ್ಟಿಯಲ್ಲಿರುವವರ ಮನೆಯ ಆದಾಯವೆಷ್ಟು ಎಂಬುದನ್ನು ನ್ಯಾಯಾಲಯದ ಆಜ್ಞೆಗೆ ಕಾಯದೆ ಪ್ರತಿ ವರ್ಷ ಪ್ರಕಟಿಸಲಿ. ಪ್ರೆಪ್ ಶಾಲೆಗಳು ಮಕ್ಕಳನ್ನು ಆಡಿಸಲಿ, ಆದರೆ ಆಟವನ್ನು ಪ್ರವೇಶಪತ್ರವಾಗಿ ಮಾರುವುದನ್ನು ನಿಲ್ಲಿಸಲಿ.

ಖೋಟಾ ನೋಟು ಚಲಾಯಿಸಿದ ರಿಕ್ ಸಿಂಗರ್‌ಗೆ ಶಿಕ್ಷೆಯಾಯಿತು. ಅಸಲಿ ನೋಟಿನ ಮುದ್ರಣಾಲಯ ಪ್ರತಿ ದಿನ ಮಧ್ಯಾಹ್ನ ಪಾಠ ಮುಗಿದೊಡನೆ, ಕಾನೂನಿನ ಕಣ್ಣೆದುರೇ ತೆರೆಯುತ್ತಿದೆ.