ಗುನುಗುವುದಕ್ಕೆ ನಾಚಿಕೆ ಯಾಕೆ?

ತಲೆಗೆ ಅಂಟಿಕೊಳ್ಳುವ ಹಾಡು ಎಂದರೆ ಹಗುರ ಹಾಡು ಎಂಬ ತೀರ್ಪು ನಮ್ಮಲ್ಲಿ ಬಹಳ ಗಟ್ಟಿ. ನಮ್ಮ ಮನೆಯಲ್ಲಂತೂ ಇನ್ನೂ ಗಟ್ಟಿ. ನಾನು ಸೊಪ್ಪು ಸೋಸುತ್ತಾ ಅಮೆರಿಕದ ಸುಪ್ರೀಮ್ಸ್ ಗಾಯಕಿಯರ ತಂಡದ ‘ಯು ಕಾಂಟ್ ಹರಿ ಲವ್’ ಗುನುಗಿದರೆ, ಪಡಸಾಲೆಯಲ್ಲಿ ಕಲ್ಯಾಣಿ ಆಲಾಪನೆ ಕೇಳುತ್ತಾ ಕೂತ ನಮ್ಮ ಯಜಮಾನರು, “ಬೆಳಗಿಂದ ಅದೇ ನಾಲ್ಕು ಸ್ವರ, ಸಾಕು ಮಾರಾಯ್ತಿ” ಎನ್ನುತ್ತಾರೆ. ನಾಲ್ಕೇ ಸ್ವರ ಇಡೀ ದಿನ ಬಿಡದೆ ಹಿಡಿಯುತ್ತವೆ ಎಂದರೆ ಅದು ಸಣ್ಣ ಕಸುಬಲ್ಲ ಎನ್ನುವುದು ನನ್ನ ವಾದ.

1966ರ ಆ ಹಾಡು ಬಂದದ್ದು ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯಿಂದ. ಆ ಕಂಪನಿ ಕಟ್ಟಿದ ಬೆರ್ರಿ ಗೋರ್ಡಿ ಅದಕ್ಕೂ ಮೊದಲು ಕಾರು ಕಾರ್ಖಾನೆಯಲ್ಲಿ ದುಡಿದವರು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಈ ವ್ಯಾಪಾರಕ್ಕಿಳಿದರು. ಕಾರ್ಖಾನೆಯ ಶಿಸ್ತನ್ನೂ ಜೊತೆಗೇ ತಂದರು. ಯಾವ ಹಾಡು ಹೊರಹೋಗಬೇಕು ಎಂದು ಅಲ್ಲಿ ಸಭೆ ಸೇರಿ ಮತ ಹಾಕುತ್ತಿದ್ದರು. ಜೇಬಿನಲ್ಲಿ ಕೊನೆಯ ಡಾಲರ್ ಇದ್ದಾಗ ನೀವು ಸ್ಯಾಂಡ್‌ವಿಚ್ ಕೊಳ್ಳುತ್ತೀರೋ ಈ ರೆಕಾರ್ಡ್ ಕೊಳ್ಳುತ್ತೀರೋ ಎಂಬುದು ಗೋರ್ಡಿ ಕೇಳುತ್ತಿದ್ದ ಪ್ರಶ್ನೆ. ಕಾರಿನ ರೇಡಿಯೋದಲ್ಲಿ ಹೇಗೆ ಕೇಳಿಸೀತು ಎಂದು ಸಣ್ಣ ಸ್ಪೀಕರಿನಲ್ಲಿ ಹಾಕಿ ನೋಡುತ್ತಿದ್ದರು. ನಾನು ಗುನುಗುವ ಆ ಹಾಡಿನಲ್ಲೂ ಸುಪ್ರೀಮ್ಸ್‌ನ ಮುಖ್ಯ ಗಾಯಕಿ ಡಯಾನಾ ರಾಸ್ ಬಾಯಿ ತೆರೆಯುವ ಮೊದಲೇ ಜೇಮ್ಸ್ ಜೇಮರ್ಸನ್ನರ ಬೇಸ್ ಗಿಟಾರ್ ಕೇಳುವವರ ಕಾಲಿಗೆ ತಾಳ ಹಿಡಿಸಿಬಿಟ್ಟಿರುತ್ತದೆ.

ಇನ್ನೊಂದು ಕೈಚಳಕ ಹಾಡಿನ ಕೊನೆಯಲ್ಲಿದೆ. ನಮ್ಮ ಕಛೇರಿಗೆ ಮಂಗಳ ಹಾಡಿದರೆ ಮುಗಿಯಿತು, ಎದ್ದು ಚಪ್ಪಲಿ ಹುಡುಕಬಹುದು. ಅರವತ್ತರ ದಶಕದ ಎಷ್ಟೋ ಪಾಪ್ ಹಾಡುಗಳಿಗೆ ಮುಕ್ತಾಯವೇ ಇಲ್ಲ. ಪಲ್ಲವಿ ಸುತ್ತುತ್ತಿರುವಾಗಲೇ ದನಿ ತಗ್ಗುತ್ತಾ ಹೋಗುತ್ತದೆ. ಉಳಿದ ಸುತ್ತುಗಳನ್ನು ನಮ್ಮ ತಲೆ ತಾನೇ ಹಾಡಿಕೊಳ್ಳುತ್ತದೆ ಎಂದು ನನ್ನ ಗುಮಾನಿ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದಕ್ಕೊಂದು ಮದ್ದನ್ನೂ ಹೇಳಿದರು: ಚ್ಯೂಯಿಂಗ್ ಗಮ್ ಜಗಿದರೆ ಅಂಟಿದ ಹಾಡಿನ ಕಾಟ ಕಡಿಮೆಯಾಗುತ್ತದಂತೆ. ಊಟವಾದ ಮೇಲೆ ಎಲೆಅಡಿಕೆ ತಪ್ಪಿಸದ ನಮ್ಮ ಯಜಮಾನರಿಗೆ ಯಾವ ಹಾಡೂ ಅಂಟದಿರುವುದು ಅದಕ್ಕೇ ಇರಬೇಕು.

ಹಗುರ ಹಾಡು ಹಗುರ ತಲೆಗೇ ಹತ್ತುತ್ತದೆ ಎನ್ನುವವರಿಗೆ ನಾನು ಜಾರ್ಜ್ ಹ್ಯಾರಿಸನ್ ಪ್ರಸಂಗ ಹೇಳುತ್ತೇನೆ. ಬೀಟಲ್ಸ್ ತಂಡದ ಈ ಗಿಟಾರ್ ವಾದಕ ರವಿಶಂಕರ್ ಅವರ ಬಳಿ ಸಿತಾರ್ ಕಲಿತವರು. 1970ರಲ್ಲಿ ಅವರು ‘ಮೈ ಸ್ವೀಟ್ ಲಾರ್ಡ್’ ಹಾಡಿದರು. ಅದರಲ್ಲಿ ಹರೇಕೃಷ್ಣ ನಾಮವೂ ಇದೆ. ಆ ಧಾಟಿ ನ್ಯೂಯಾರ್ಕಿನ ಶಿಫಾನ್ಸ್ ಎಂಬ ಹುಡುಗಿಯರ ತಂಡ 1963ರಲ್ಲಿ ಜನಪ್ರಿಯಗೊಳಿಸಿದ ‘ಹೀಸ್ ಸೋ ಫೈನ್’ ಹಾಡಿನದೇ ಎಂದು ದಾವೆ ಬಿತ್ತು. ಕದ್ದದ್ದು ನಿಜ, ಆದರೆ ತನಗೇ ಅರಿವಿಲ್ಲದೆ ಎಂದು 1976ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಗುರುಮುಖೇನ ರಾಗ ಕಲಿತ ಕಿವಿಯೊಳಗೂ ಆ ಪುಟ್ಟ ಪ್ರೇಮಗೀತೆ ಸದ್ದಿಲ್ಲದೆ ಕೂತಿತ್ತು, ಹೊರಬಂದದ್ದು ಭಜನೆಯಾಗಿ!

ಆದ್ದರಿಂದ ಹಾಡೊಂದು ತಲೆ ಹೊಕ್ಕರೆ ಓಡಿಸುವ ಉಪಾಯ ಹುಡುಕಬೇಡಿ. ಮೂಲ ಹಾಡನ್ನೇ ಹಾಕಿಕೊಂಡು ಒಮ್ಮೆ ಬೇಸನ್ನು ಮಾತ್ರ ಹಿಂಬಾಲಿಸಿ, ಇನ್ನೊಮ್ಮೆ ಹಿಂದೆ ದನಿಗೂಡಿಸುವವರನ್ನು ಮಾತ್ರ ಕೇಳಿ. ನಮ್ಮನ್ನು ಹಿಡಿದದ್ದು ಯಾರ ಕೈ ಎಂದು ಗೊತ್ತಾಗುತ್ತದೆ. ಒಂದು ಸಲ ಕೇಳಲು ಮೂರು ನಿಮಿಷವೂ ಬೇಡ.