ಚಾಟಿಯಿಂದ ಕಟ್ಟಿದ ಊರಲ್ಲ

ನಮ್ಮ ಕನ್ನಡದ ಪ್ರವಾಸ ಕಥನಗಳಲ್ಲಿ ಸಿಂಗಾಪುರಕ್ಕೊಂದು ಸಿದ್ಧಪಾಠವಿದೆ. ವಿಮಾನ ನಿಲ್ದಾಣದ ಬೆಡಗು, ಥಳಥಳಿಸುವ ರಸ್ತೆ, ಕಸ ಚೆಲ್ಲಿದವರಿಗೆ ದಂಡ, 1992ರಲ್ಲಿ ನಿಷೇಧಗೊಂಡ ಚ್ಯೂಯಿಂಗ್ ಗಮ್. ಕೊನೆಯಲ್ಲಿ, ನಮ್ಮವರಿಗೂ ಇಂಥದೇ ಚಾಟಿ ಬೇಕೆಂಬ ನಿಟ್ಟುಸಿರು. ಅಲ್ಲಿ ಐದು ದಿನ ಕಳೆದ ನಾವೂ ಮೊದಲ ದಿನ ಹೀಗೆಯೇ ನಿಟ್ಟುಸಿರಿಟ್ಟೆವು. ಊರಿನ ಚರಿತ್ರೆಯನ್ನು ಓದಿದ ಮೇಲೆ ಆ ನಿಟ್ಟುಸಿರಿಗೆ ನಾಚಿದೆವು.

ದಂಡವಿರುವುದು ನಿಜ, ಆದರೆ ಊರನ್ನು ತೊಳೆದದ್ದು ದಂಡವೊಂದೇ ಅಲ್ಲ. ಇಂದು ಪ್ರವಾಸಿಗರು ದೋಣಿಯೇರಿ ವಿಹರಿಸುವ ಸಿಂಗಾಪುರ ನದಿ ಒಂದು ಕಾಲಕ್ಕೆ ನಾರುವ ಕೊಳಚೆಯಾಗಿತ್ತು. 1977ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಅದನ್ನು ಹತ್ತು ವರ್ಷಗಳಲ್ಲಿ ಶುದ್ಧಗೊಳಿಸುವ ಗುರಿಯಿಟ್ಟರು. ದಡದ ಗುಡಿಸಲುಗಳಲ್ಲಿದ್ದವರಿಗೆ ಸರ್ಕಾರ ಕಟ್ಟಿದ ಮನೆಗಳು ದೊರೆತವು. ಬೀದಿಯಲ್ಲಿ ಅಡುಗೆ ಮಾಡಿ ಮಾರುತ್ತಿದ್ದವರಿಗೆ ನಲ್ಲಿ, ಒಳಚರಂಡಿ, ಸೂರುಗಳಿರುವ ಹಾಕರ್ ಸೆಂಟರುಗಳು ದೊರೆತವು. ಇದೆಲ್ಲ ನೋವಿಲ್ಲದೆ ನಡೆಯಲಿಲ್ಲ. ಹಂದಿ, ಬಾತುಕೋಳಿ ಸಾಕುತ್ತಿದ್ದವರ ಕಸುಬು ಅಳಿಯಿತು. ಆದರೂ ಬೀದಿ ವ್ಯಾಪಾರಿಯನ್ನು ಕಸವೆಂದು ಗುಡಿಸಿಹಾಕಲಿಲ್ಲ. ಆ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಯನ್ನೂ ಸೇರಿತು.

ನಮ್ಮ ನಗರಗಳಲ್ಲಿ ಏನಾಗುತ್ತದೆ? ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲೇ ಕಾಯಿದೆ ಬಂದಿದ್ದರೂ ಗಣ್ಯರು ಬರುವ ಹಿಂದಿನ ದಿನ ತಳ್ಳುಗಾಡಿಗಳು ಲಾರಿಯೇರುತ್ತವೆ. ನಲ್ಲಿ ಕೊಡದೆ, ಕಸದ ತೊಟ್ಟಿ ಇಡದೆ ಶಿಸ್ತನ್ನು ಬೇಡುವುದು ಆಡಳಿತವಲ್ಲ, ಸೋಗು. ಸರ್ಕಾರದ ನೌಕರಿಯಲ್ಲಿದ್ದುಕೊಂಡೇ ಇದನ್ನು ಹೇಳುತ್ತಿದ್ದೇವೆ.

ಸಿದ್ಧಪಾಠ ಮರೆಮಾಚುವ ಇನ್ನೊಂದು ಸಂಗತಿಯೂ ಇದೆ. ಬೆಳಗಿನ ಜಾವ ತೆರೆದ ಲಾರಿಗಳ ಹಿಂಬದಿಯಲ್ಲಿ ಕುಳಿತು ಕೆಲಸಕ್ಕೆ ಸಾಗುವವರು ತಮಿಳುನಾಡು, ಬಾಂಗ್ಲಾದೇಶಗಳ ಕೂಲಿಗಳು. ಭಾನುವಾರದ ಸಂಜೆ ಲಿಟಲ್ ಇಂಡಿಯಾದ ಬೀದಿಗಳು ತುಂಬಿ ತುಳುಕುವುದು ಇವರಿಂದಲೇ. 2020ರ ಕೋವಿಡ್ ಕಾಲದಲ್ಲಿ ಆ ದೇಶದ ಬಹುಪಾಲು ಸೋಂಕಿತರು ಇವರ ಇಕ್ಕಟ್ಟಾದ ವಸತಿಗೃಹಗಳಲ್ಲೇ ಇದ್ದರು. ಗೋಪುರಗಳನ್ನು ಬಣ್ಣಿಸಲು ಪುಟಗಟ್ಟಲೆ ಬರೆಯುವ ನಮ್ಮ ಲೇಖಕರಿಗೆ ಅವನ್ನು ಕಟ್ಟಿದವರಿಗಾಗಿ ಒಂದು ಸಾಲೂ ಒದಗುವುದಿಲ್ಲವೇಕೆ?

ಹೊರನಾಡ ಕನ್ನಡಿಗರಾದ ನಮಗಂತೂ ಈ ಕುರುಡು ಸಲ್ಲದು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ವಂಶ ನಮ್ಮದು. ಅಂದಿನ ಯಾವನೋ ಪ್ರವಾಸಿ ಆ ಹೋಟೆಲಿನ ಕಾಫಿಯನ್ನು ಹೊಗಳಿ, ಲೋಟ ತೊಳೆದ ಹುಡುಗನನ್ನು ಕಾಣದೆ ಹೋಗಿದ್ದಾನು. ಪರಊರಿಗೆ ಹೋದಾಗ ನಾವೂ ಆ ಪ್ರವಾಸಿಯೇ ಆಗಬೇಕೇ?

ಹೊಗಳುವುದಾದರೆ ನಲ್ಲಿಯನ್ನು, ಸೂರನ್ನು, ಚರಂಡಿಯನ್ನು ಹೊಗಳೋಣ. ದೂರುವುದಾದರೆ ಆ ತೆರೆದ ಲಾರಿಗಳನ್ನು ದೂರೋಣ. ಚಾಟಿಯನ್ನು ಮಾತ್ರ ಊರಿಗೆ ಹೊತ್ತು ತರುವುದು ಬೇಡ. ಅದು ನಮ್ಮಲ್ಲಿ ಬೇಕಾದಷ್ಟಿದೆ.